ಒಂದೇ ಊರು, ಎರಡು ಸ್ಟೇಷನ್: ತಿರಾನೊದಲ್ಲಿ ರೈಲು ಬದಲಿಸುವುದು ಯಾಕೆ?

ಸ್ವಿಟ್ಜರ್ಲೆಂಡ್ ನೋಡಿ ಬಂದವರ ಮೊಬೈಲಿನಲ್ಲಿ ಒಂದು ವಿಡಿಯೊ ಇದ್ದೇ ಇರುತ್ತದೆ. ಕೆಂಪು ರೈಲು, ಚಾವಣಿವರೆಗೂ ಗಾಜು, ಹೊರಗೆ ಹಿಮದ ಬೆಟ್ಟ. ಅದು ಬರ್ನಿನಾ ಎಕ್ಸ್‌ಪ್ರೆಸ್. ಆ ರೈಲು ಕೊನೆಗೆ ಹೋಗಿ ನಿಲ್ಲುವ ಊರು ಮಾತ್ರ ಇಟಲಿಯಲ್ಲಿದೆ. ಹೆಸರು ತಿರಾನೊ. 2026ರ ಚಳಿಗಾಲದ ಒಲಿಂಪಿಕ್ಸ್‌ಗೆ ಬೊರ್ಮಿಯೊ ಮತ್ತು ಲಿವಿನ್ಯೊ ಎಂಬ ಬೆಟ್ಟದೂರುಗಳು ಆಯ್ಕೆಯಾದ ಮೇಲೆ ಈ ಸ್ಟೇಷನ್ನಿನ ಹೆಸರು ಇನ್ನಷ್ಟು ಜನರ ಕಿವಿಗೆ ಬಿತ್ತು. ಆ ಎರಡೂ ಊರಿಗೆ ರೈಲಿಲ್ಲ. ಮಿಲಾನ್ ಕಡೆಯಿಂದ ರೈಲಿನಲ್ಲಿ ಬಂದವರು ತಿರಾನೊದಲ್ಲಿ ಇಳಿದು ಬಸ್ ಹಿಡಿಯಬೇಕು.

ಮನೆಯಲ್ಲಿ ಕೂತು ಪ್ರವಾಸದ ಲೆಕ್ಕ ಹಾಕುವಾಗ ಇಲ್ಲೇ ಗೊಂದಲ ಶುರುವಾಗುತ್ತದೆ. ಮಿಲಾನ್‌ನಿಂದ ಸ್ವಿಟ್ಜರ್ಲೆಂಡ್‌ನ ಬೆಟ್ಟದೂರು ಸೇಂಟ್ ಮೋರಿಟ್ಸ್‌ಗೆ ನೇರ ರೈಲು ಹುಡುಕಿದರೆ ಸಿಗುವುದಿಲ್ಲ. ತಿರಾನೊ ಅಂತ ಎರಡು ಸ್ಟೇಷನ್ ಕಾಣಿಸುತ್ತವೆ. ಒಂದರಲ್ಲಿ ಇಳಿದು, ಹೊರಗೆ ಬಂದು, ಪಕ್ಕದ ಇನ್ನೊಂದು ಕಟ್ಟಡಕ್ಕೆ ಹೋಗಬೇಕು. ಸುಮಾರು ಒಂಬತ್ತು ಸಾವಿರ ಜನರ ಊರಿಗೆ ಎರಡು ರೈಲ್ವೆ ಸ್ಟೇಷನ್ ಯಾಕೆ? ಹಳಿಗಳನ್ನು ಸೇರಿಸಿಬಿಟ್ಟರೆ ಆಗುತ್ತಿರಲಿಲ್ವಾ? ಈ ಪ್ರಶ್ನೆಗೆ ಉತ್ತರ ಸಿಕ್ಕರೆ ಸ್ಟೇಷನ್ ಪೂರ್ತಿ ಅರ್ಥವಾದ ಹಾಗೆ.

## ಊರು ಎಲ್ಲಿದೆ

ಇಟಲಿಯ ಉತ್ತರ ಅಂಚಿನಲ್ಲಿ ಲೊಂಬಾರ್ದಿ ಎಂಬ ಪ್ರಾಂತ್ಯವಿದೆ. ಮಿಲಾನ್ ಅದರ ರಾಜಧಾನಿ. ಅಲ್ಲಿಂದ ಇನ್ನೂ ಉತ್ತರಕ್ಕೆ ಹೋದರೆ ಕೊಮೊ ಸರೋವರ. ಸರೋವರದ ತಲೆಯ ಕಡೆಯಿಂದ ಪೂರ್ವಕ್ಕೆ, ಅದ್ದಾ ನದಿಯ ಗುಂಟ, ಬೆಟ್ಟಗಳ ನಡುವೆ ಉದ್ದಕ್ಕೆ ಚಾಚಿಕೊಂಡ ಕಣಿವೆ ವಾಲ್ತೆಲ್ಲಿನಾ. ಆ ಕಣಿವೆಯಲ್ಲಿ ಹಳಿ ಕೊನೆಯಾಗುವ ಊರೇ ತಿರಾನೊ. ಸಮುದ್ರಮಟ್ಟದಿಂದ ಸುಮಾರು 430 ಮೀಟರ್ ಎತ್ತರ. ಬೆಂಗಳೂರಿನ ಅರ್ಧದಷ್ಟೂ ಇಲ್ಲ. ಆದರೆ ತಲೆ ಎತ್ತಿದರೆ ಆಲ್ಪ್ಸ್. ಬಿಸಿಲು ಬೀಳುವ ಇಳಿಜಾರಿನಲ್ಲೆಲ್ಲ ಕಲ್ಲು ಜೋಡಿಸಿ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ದ್ರಾಕ್ಷಿ ತೋಟಗಳು.

ಸ್ವಿಟ್ಜರ್ಲೆಂಡ್ ಗಡಿ ಇಲ್ಲಿಂದ ಮೂರು ಕಿಲೋಮೀಟರಿನ ಒಳಗೇ ಇದೆ. ಆದರೆ ಗಡಿ ದಾಟಿದರೂ ಭಾಷೆ ಬದಲಾಗುವುದಿಲ್ಲ. ಆ ಕಡೆಯ ಪೊಸ್ಕಿಯಾವೊ ಕಣಿವೆಯ ಜನರೂ ಇಟಾಲಿಯನ್ ಮಾತಾಡುತ್ತಾರೆ. 1512ರಿಂದ 1797ರವರೆಗೆ ವಾಲ್ತೆಲ್ಲಿನಾ ಕೂಡ ಇಂದಿನ ಸ್ವಿಟ್ಜರ್ಲೆಂಡ್‌ನ ಗ್ರೌಬುಂಡೆನ್ ಭಾಗದವರ ಆಳ್ವಿಕೆಯಲ್ಲಿತ್ತು. ನೆಪೋಲಿಯನ್ ಕಾಲದಲ್ಲಿ ಅದು ಅವರ ಕೈಬಿಟ್ಟಿತು. ಹೀಗಾಗಿ ಇಲ್ಲಿ ಗಡಿ ಅನ್ನುವುದು ಅಕ್ಕಪಕ್ಕದ ಜನರ ನಡುವೆ ಆಮೇಲೆ ಬಂದ ಗೆರೆ. ರೈಲು ಹಳಿಗಳ ನಡುವಿನ ಗೆರೆ ಅದಕ್ಕಿಂತ ಗಟ್ಟಿ.

## ಗೇಜ್ ಅಂದರೇನು

ಎರಡು ಹಳಿಗಳ ನಡುವಿನ ಅಂತರಕ್ಕೆ ಗೇಜ್ ಅನ್ನುತ್ತಾರೆ. ಮಿಲಾನ್‌ನಿಂದ ಬರುವ ಹಳಿಯ ಗೇಜ್ 1435 ಮಿಲಿಮೀಟರ್. ಯುರೋಪಿನ ಬಹುಪಾಲು ಕಡೆ ಇದೇ ಅಳತೆ. ಸೇಂಟ್ ಮೋರಿಟ್ಸ್‌ನಿಂದ ಇಳಿದು ಬರುವ ಕೆಂಪು ರೈಲಿನದು ಸರಿಯಾಗಿ 1000 ಮಿಲಿಮೀಟರ್, ಅಂದರೆ ಮೀಟರ್ ಗೇಜ್. ವ್ಯತ್ಯಾಸ 435 ಮಿಲಿಮೀಟರ್. ಹೂ ಮಾರುವವರು ಅಳೆಯುವ ಒಂದು ಮೊಳದಷ್ಟು ಅಂದುಕೊಳ್ಳಿ. ಆ ಒಂದು ಮೊಳದ ಕಾರಣಕ್ಕೆ ಈ ಕಡೆಯ ಚಕ್ರ ಆ ಕಡೆಯ ಹಳಿ ಮೇಲೆ ಕೂರುವುದೇ ಇಲ್ಲ.

ನಮ್ಮಲ್ಲಿ ಐವತ್ತು ದಾಟಿದವರಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ. ಬೆಂಗಳೂರು ಸಿಟಿ ಸ್ಟೇಷನ್ನಿನಲ್ಲಿ ಮದ್ರಾಸಿನ ಕಡೆಗೆ ಬ್ರಾಡ್ ಗೇಜ್, ಮೈಸೂರಿನ ಕಡೆಗೆ ಮೀಟರ್ ಗೇಜ್ ಇತ್ತು. 1990ರ ದಶಕದ ಆರಂಭದವರೆಗೂ ಮೈಸೂರು ರೈಲು ಆ ಸಣ್ಣ ಹಳಿಯ ಮೇಲೇ ಓಡಿತು. ಮದ್ರಾಸಿನಿಂದ ಬಂದವರು ಪೆಟ್ಟಿಗೆ, ಹಾಸಿಗೆ, ಮಕ್ಕಳನ್ನು ಎತ್ತಿಕೊಂಡು ಇನ್ನೊಂದು ಪ್ಲಾಟ್‌ಫಾರ್ಮಿಗೆ ಹೋಗಬೇಕಿತ್ತು. ತಿರಾನೊದಲ್ಲಿ ಇಂದಿಗೂ ನಡೆಯುವುದು ಅದೇ. ಭಾರತದಲ್ಲಿ ಗೇಜ್ ಪರಿವರ್ತನೆ ಮಾಡಿ ಆ ಗಂಟು ಬಿಡಿಸಿಕೊಂಡೆವು. ಇಲ್ಲಿ ಯಾಕೆ ಹಾಗೆ ಮಾಡಲಿಲ್ಲ ಅಂತ ತಿಳಿಯಬೇಕಾದರೆ ಎರಡೂ ಹಳಿಗಳು ಇಲ್ಲಿಗೆ ಬಂದ ಕಥೆ ನೋಡಬೇಕು.

## ಮಿಲಾನ್ ಕಡೆಯಿಂದ ಬಂದ ಹಳಿ

ವಾಲ್ತೆಲ್ಲಿನಾಕ್ಕೆ ರೈಲು ಒಂದೇ ಸಲ ಬರಲಿಲ್ಲ, ತುಂಡು ತುಂಡಾಗಿ ಬಂತು. 1885ರಲ್ಲಿ ಮೊದಲು ಹಾಕಿದ್ದು ಕಣಿವೆಯೊಳಗಿನ ಕೊಲಿಕೊ–ಸೊಂದ್ರಿಯೊ ನಡುವಿನ ಹಳಿ. ಕೊಲಿಕೊ ಇರುವುದು ಕೊಮೊ ಸರೋವರದ ದಡದಲ್ಲಿ. ಅಲ್ಲಿಂದ ಮುಂದಕ್ಕೆ, ಮಿಲಾನ್ ದಾರಿಯಲ್ಲಿರುವ ಲೆಕ್ಕೊ ಊರಿನ ಕಡೆಗೆ ಹಳಿಯೇ ಇರಲಿಲ್ಲ. ಹಾಗಾಗಿ ಜನ ಸರೋವರದ ಮೇಲೆ ದೋಣಿಯಲ್ಲಿ ಬಂದು ರೈಲು ಹತ್ತುತ್ತಿದ್ದರು. ಬಂಡೆಗಳನ್ನು ಕೊರೆದು, ಸರೋವರದ ಪೂರ್ವ ದಡದುದ್ದಕ್ಕೂ ಸುರಂಗಗಳನ್ನು ತೆಗೆದು ಆ ಭಾಗ ಮುಗಿಸುವ ಹೊತ್ತಿಗೆ 1894 ಬಂತು. ಸೊಂದ್ರಿಯೊದಿಂದ ತಿರಾನೊಕ್ಕೆ ಉಳಿದ ಸುಮಾರು 26 ಕಿಲೋಮೀಟರನ್ನು ಬೇರೊಂದು ಕಂಪನಿ ಹಾಕಿತು. 1902ರ ಜೂನ್‌ನಲ್ಲಿ ತಿರಾನೊಕ್ಕೆ ಮೊದಲ ರೈಲು ಬಂತು.

ಅದೇ 1902ರಲ್ಲಿ ಇದೇ ಕಣಿವೆಯಲ್ಲಿ ಇನ್ನೊಂದು ದೊಡ್ಡ ಕೆಲಸ ನಡೆಯಿತು. ರೈಲ್ವೆ ಇತಿಹಾಸ ಓದುವವರಿಗೆ ವಾಲ್ತೆಲ್ಲಿನಾ ಹೆಸರು ಗೊತ್ತಿರುವುದು ಅದರಿಂದಲೇ. ಲೆಕ್ಕೊದಿಂದ ಕೊಲಿಕೊ ಮೂಲಕ ಸೊಂದ್ರಿಯೊಕ್ಕೂ ಕಿಯಾವೆನ್ನಾಕ್ಕೂ ಹೋಗುವ ಸುಮಾರು 106 ಕಿಲೋಮೀಟರ್ ಹಳಿ ಆ ಸೆಪ್ಟೆಂಬರಿನಲ್ಲಿ ವಿದ್ಯುತ್ತಿಗೆ ಬದಲಾಯಿತು. ಟ್ರಾಮ್‌ಗಳಲ್ಲಿ ವಿದ್ಯುತ್ ಆಗಲೇ ಇತ್ತು. ಆದರೆ ಒಂದು ಪೂರ್ಣ ಪ್ರಮಾಣದ ರೈಲು ಮಾರ್ಗವನ್ನು 3000 ವೋಲ್ಟಿನ ತ್ರೀ ಫೇಸ್ ವಿದ್ಯುತ್ತಿನಿಂದ ಓಡಿಸಿದ್ದು ಜಗತ್ತಿನಲ್ಲೇ ಮೊದಲು. ಇದರ ಹಿಂದಿದ್ದವರು ಹಂಗೇರಿಯ ಎಂಜಿನಿಯರ್ ಕಾಲ್ಮಾನ್ ಕಾಂಡೊ ಮತ್ತು ಬುಡಾಪೆಸ್ಟಿನ ಗಾಂಜ್ ಕಂಪನಿ.

ತ್ರೀ ಫೇಸ್ ಅಂದರೆ ನಮ್ಮ ಹಿಟ್ಟಿನ ಗಿರಣಿಗೂ ತೋಟದ ಪಂಪ್‌ಸೆಟ್ಟಿಗೂ ಬರುವ ಅದೇ ಬಗೆಯ ವಿದ್ಯುತ್. ಅದಕ್ಕೆ ಮೂರು ದಾರಿ ಬೇಕು. ಇವತ್ತಿನ ರೈಲಿನ ಮೇಲೆ ಒಂದೇ ತಂತಿ ಇರುತ್ತದೆ ಅಲ್ವಾ? ಅಲ್ಲಿ ಎರಡು ತಂತಿ ಎಳೆದಿದ್ದರು. ಮೂರನೆಯ ದಾರಿ ಕೆಳಗಿನ ಹಳಿಯೇ. ಮೋಟಾರು ಸರಳ, ಗಟ್ಟಿ. ಇಳಿಜಾರಿನಲ್ಲಿ ಇಳಿಯುವಾಗ ಅದೇ ಮೋಟಾರು ವಿದ್ಯುತ್ ತಯಾರಿಸಿ ತಂತಿಗೆ ವಾಪಸ್ ಕೊಡುತ್ತಿತ್ತು. ತೊಂದರೆಯೂ ಇತ್ತು. ರೈಲು ಒಂದೆರಡು ನಿಗದಿತ ವೇಗದಲ್ಲಿ ಮಾತ್ರ ಓಡಬೇಕು. ಹಳಿಗಳು ಕವಲೊಡೆಯುವ ಕಡೆ ಎರಡೆರಡು ತಂತಿಗಳು ಒಂದಕ್ಕೊಂದು ತಾಗದಂತೆ ನೋಡಿಕೊಳ್ಳುವುದೇ ದೊಡ್ಡ ತಲೆನೋವು. ಆದರೂ ಇಟಲಿಯ ಕೆಲವು ಕಡೆ ಈ ಪದ್ಧತಿ 1976ರವರೆಗೂ ಉಳಿಯಿತು. ಈಗ ದೇಶದ ಬಹುಪಾಲು ಕಡೆಯಂತೆ ಇಲ್ಲೂ 3000 ವೋಲ್ಟ್ ಡಿ.ಸಿ. ವಿದ್ಯುತ್. ತಿರಾನೊದ ಕೊನೆಯ ತುಂಡು ಮಾತ್ರ ಶುರುವಿನಲ್ಲಿ ಈ ಪ್ರಯೋಗದ ಹೊರಗಿತ್ತು. ಅಲ್ಲಿ ಉಗಿ ಎಂಜಿನ್ನೇ ಓಡುತ್ತಿತ್ತು.

ಅಷ್ಟು ಬೇಗ ಇಲ್ಲಿಗೆ ವಿದ್ಯುತ್ ಬಂದದ್ದು ಹೇಗೆ? ಕಲ್ಲಿದ್ದಲು ಇಲ್ಲದ ದೇಶ, ಆದರೆ ಬೆಟ್ಟದಿಂದ ನೀರು ಧುಮುಕುತ್ತದೆ. ಮೊರ್ಬೆನ್ಯೊ ಬಳಿ ಅದ್ದಾ ನದಿಯ ನೀರಿನಿಂದಲೇ ಈ ರೈಲಿನ ವಿದ್ಯುತ್ ತಯಾರಾಯಿತು. ನಮ್ಮ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿದದ್ದೂ ಅದೇ 1902ರಲ್ಲಿ. ಕಾವೇರಿ ಗಣಿಯ ಯಂತ್ರ ತಿರುಗಿಸಿದ ವರ್ಷವೇ ಅದ್ದಾ ರೈಲು ಎಳೆಯಿತು ಅಂತ ನೆನಪಿಟ್ಟುಕೊಂಡರೆ ಆ ಕಾಲ ಕಣ್ಣಿಗೆ ಕಟ್ಟುತ್ತದೆ.

## ಬೆಟ್ಟದಿಂದ ಇಳಿದು ಬಂದ ಹಳಿ

ಗಡಿಯ ಆ ಕಡೆ ಕೂಡ ಕಥೆ ನೀರಿನಿಂದಲೇ ಶುರು. ಪೊಸ್ಕಿಯಾವೊ ಸರೋವರದ ನೀರನ್ನು ಕೆಳಗಿಳಿಸಿ ಕಾಂಪೊಕೊಲೋನ್ಯೊದಲ್ಲಿ ದೊಡ್ಡ ವಿದ್ಯುತ್ ಕೇಂದ್ರ ಕಟ್ಟಿದರು. 1907ರಲ್ಲಿ ಅದು ಕೆಲಸ ಶುರುಮಾಡಿತು. ಮನೆ ಬಾಗಿಲಲ್ಲೇ ವಿದ್ಯುತ್ ಇರುವಾಗ ಇಲ್ಲಿನ ರೈಲಿಗೆ ಉಗಿ ಬೇಕಾಗಲೇ ಇಲ್ಲ. ಬರ್ನಿನಾ ಮಾರ್ಗ ಮೊದಲ ದಿನದಿಂದಲೂ ವಿದ್ಯುತ್ ರೈಲೇ. 1908ರ ಜುಲೈ 1ರಂದು ಪೊಸ್ಕಿಯಾವೊ–ತಿರಾನೊ ಭಾಗ ತೆರೆಯಿತು. ಬೆಟ್ಟ ಹತ್ತಿ ಆ ಕಡೆ ಇಳಿಯುವ ಪೂರ್ತಿ ಮಾರ್ಗ 1910ರ ಜುಲೈನಲ್ಲಿ ಮುಗಿಯಿತು. ಸೇಂಟ್ ಮೋರಿಟ್ಸ್‌ನಿಂದ ತಿರಾನೊಕ್ಕೆ ಒಟ್ಟು 61 ಕಿಲೋಮೀಟರ್. ಮೊದಲು ಇದು ಬೇರೆಯೇ ಕಂಪನಿಯದಾಗಿತ್ತು. 1940ರ ದಶಕದಲ್ಲಿ ಅದನ್ನು ಸ್ವಿಟ್ಜರ್ಲೆಂಡ್‌ನ ರೇಷಿಯನ್ ರೈಲ್ವೆ ಎಂಬ ಕಂಪನಿ ತನ್ನೊಳಗೆ ಸೇರಿಸಿಕೊಂಡಿತು.

ಮೀಟರ್ ಗೇಜ್ ಯಾಕೆ ಆರಿಸಿದರು ಅನ್ನುವುದಕ್ಕೆ ಬೆಟ್ಟವೇ ಉತ್ತರ. ತಿರಾನೊದ 430 ಮೀಟರಿನಿಂದ ಹೊರಟ ರೈಲು ಓಸ್ಪಿತ್ಸಿಯೊ ಬರ್ನಿನಾದಲ್ಲಿ 2253 ಮೀಟರ್ ಮುಟ್ಟಬೇಕು. ಸುಮಾರು 38 ಕಿಲೋಮೀಟರಿನಲ್ಲಿ 1800 ಮೀಟರಿಗೂ ಜಾಸ್ತಿ ಏರು. ಹಾಗೆ ಏರಬೇಕಾದರೆ ಬೆಟ್ಟದ ಮೈಯಲ್ಲೇ ತಿರುಗಿ ತಿರುಗಿ ಹೋಗಬೇಕು. ಅಗಲ ಹಳಿಯ ಉದ್ದ ಬೋಗಿಗೆ ದೊಡ್ಡ ತಿರುವು ಬೇಕು. ದೊಡ್ಡ ತಿರುವಿಗೆ ದೊಡ್ಡ ಸೇತುವೆ, ಉದ್ದದ ಸುರಂಗ, ರಾಶಿ ಹಣ ಬೇಕು. ಕಿರಿದಾದ ಹಳಿಯಾದರೆ ರೈಲು ಚಿಕ್ಕ ಜಾಗದಲ್ಲೇ ತಿರುಗುತ್ತದೆ. ಬರ್ನಿನಾ ಮಾರ್ಗದಲ್ಲಿ 45 ಮೀಟರ್ ತ್ರಿಜ್ಯದ ತಿರುವುಗಳಿವೆ. ಅಂದರೆ ಪೂರ್ತಿ ಸುತ್ತು ಹಾಕಿದರೆ ಆ ವೃತ್ತ ಹೆಚ್ಚುಕಡಿಮೆ ಒಂದು ಸಣ್ಣ ಆಟದ ಮೈದಾನದಷ್ಟೇ.

ಇನ್ನು ಏರು. ಇಲ್ಲಿ ಹಳಿ 100 ಮೀಟರ್ ಮುಂದೆ ಹೋಗುವಾಗ 7 ಮೀಟರ್ ಮೇಲೇಳುತ್ತದೆ. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಲ್ಲಿ ಅದೇ 100 ಮೀಟರಿಗೆ 2 ಮೀಟರ್ ಏರು. ಆ ಘಾಟಿಯೇ ಎಷ್ಟು ಕಡಿದು ಅಂತ ಅದರಲ್ಲಿ ಹೋದವರಿಗೆ ಗೊತ್ತು. ಇದಕ್ಕಿಂತ ಜಾಸ್ತಿ ಏರಿರುವ ಮೀಟರ್ ಗೇಜ್ ರೈಲು ನಮ್ಮ ಹತ್ತಿರದಲ್ಲೇ ಇದೆ, ಊಟಿಗೆ ಹೋಗುವ ನೀಲಗಿರಿ ರೈಲು. ಅದಕ್ಕೆ ಎರಡು ಹಳಿಗಳ ನಡುವೆ ಗರಗಸದಂಥ ಹಲ್ಲಿನ ಪಟ್ಟಿ ಇದೆ. ಎಂಜಿನ್ನಿನ ಹಲ್ಲುಚಕ್ರ ಅದನ್ನು ಕಚ್ಚಿಕೊಂಡು ಹತ್ತುತ್ತದೆ. ಬರ್ನಿನಾದಲ್ಲಿ ಆ ಪಟ್ಟಿ ಇಲ್ಲ. ಉಕ್ಕಿನ ಚಕ್ರ ಉಕ್ಕಿನ ಹಳಿಯನ್ನು ಬರೀ ತನ್ನ ಭಾರದಿಂದ ಹಿಡಿದುಕೊಂಡು ಹತ್ತಬೇಕು. ಅದಕ್ಕೇ ಇಲ್ಲಿನ ಮೋಟಾರು ಬೋಗಿಗಳಲ್ಲಿ ಆದಷ್ಟು ಚಕ್ರಗಳಿಗೆ ಮೋಟಾರು ಕೊಡುತ್ತಾರೆ. ಇಳಿಯುವಾಗ ಹಳಿಯನ್ನೇ ಅಯಸ್ಕಾಂತದಂತೆ ಹಿಡಿದುಕೊಳ್ಳುವ ಬ್ರೇಕೂ ಇರುತ್ತದೆ.

ಏರು ಇನ್ನೂ ಕಡಿದಾಗದಿರಲಿ ಅಂತ ಬ್ರೂಸಿಯೊದಲ್ಲಿ ಮಾಡಿದ ಉಪಾಯವಂತೂ ನೋಡುವಂಥದ್ದು. ಹಳಿಗೆ ಎತ್ತರ ಬೇಕು, ಆದರೆ ಮುಂದೆ ಹೋಗಲು ಜಾಗವಿಲ್ಲ. ಆದ್ದರಿಂದ ಬಯಲಿನಲ್ಲೇ ಒಂದು ಸುತ್ತು ಹಾಕಿಸಿದರು. ಮಹಡಿ ಮೆಟ್ಟಿಲು ಸುತ್ತಿ ಹತ್ತುವ ಹಾಗೆ ರೈಲು ಒಂಬತ್ತು ಕಮಾನಿನ ಕಲ್ಲಿನ ಸೇತುವೆಯ ಮೇಲೆ ಸುತ್ತು ಹಾಕುತ್ತದೆ. ತಾನು ಸ್ವಲ್ಪ ಹೊತ್ತಿನ ಮುಂಚೆ ಕಮಾನಿನ ಕೆಳಗೆ ನುಸುಳಿದ ಜಾಗವನ್ನೇ ಮೇಲಿನಿಂದ ದಾಟುತ್ತದೆ. ನಡುವೆ ಹುಲ್ಲುಗಾವಲು. ಕಿಟಕಿಯಲ್ಲಿ ಕೂತರೆ ನಿಮ್ಮದೇ ರೈಲಿನ ಹಿಂದಿನ ಬೋಗಿ ಎದುರಿಗೆ ಕಾಣುತ್ತದೆ. ತಿರಾನೊದಿಂದ ಹೊರಟ ಸ್ವಲ್ಪ ಹೊತ್ತಿಗೇ ಇದು ಬರುತ್ತದೆ. ಬ್ಯಾಗು ಜೋಡಿಸುತ್ತಾ ಕೂತವರಿಗೆ ತಪ್ಪಿಹೋಗುತ್ತದೆ.

ಈಗ ಗೇಜ್ ಪರಿವರ್ತನೆ ಯಾಕೆ ಆಗಲಿಲ್ಲ ಅನ್ನುವುದು ಸ್ಪಷ್ಟ. ಬೆಟ್ಟದ ಹಳಿಯನ್ನು ಅಗಲ ಮಾಡಿದರೆ ಆ ತಿರುವುಗಳಲ್ಲಿ ರೈಲು ತಿರುಗುವುದಿಲ್ಲ. ಕಣಿವೆಯ ಹಳಿಯನ್ನು ಕಿರಿದು ಮಾಡಿದರೆ ತಿರಾನೊ ಮಿಲಾನ್‌ನಿಂದಲೇ ಕಡಿದುಹೋಗುತ್ತದೆ. ಮೇಲಿನ ತಂತಿಯೂ ಬೇರೆ ಬೇರೆ. ಇಟಲಿಯ ಕಡೆ 3000 ವೋಲ್ಟ್, ಬರ್ನಿನಾ ಕಡೆ 1000 ವೋಲ್ಟ್. ಈ ಬೆಟ್ಟದ ಹಳಿಯನ್ನು ರೇಷಿಯನ್ ರೈಲ್ವೆಯದೇ ಇನ್ನೊಂದು ಬೆಟ್ಟದ ಹಳಿಯಾದ ಅಲ್ಬುಲಾ ಮಾರ್ಗದ ಜೊತೆಗೆ 2008ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತು. ನಮ್ಮ ಕಾಲ್ಕಾ–ಶಿಮ್ಲಾ ರೈಲು ಪಟ್ಟಿ ಸೇರಿದ್ದೂ ಅದೇ ವರ್ಷ. ಇನ್ನು ಅದನ್ನು ಬದಲಿಸುವ ಮಾತೇ ಇಲ್ಲ. ಬದಲಿಸದೆ ಇರುವುದೇ ಒಳ್ಳೆಯದು ಅಂತ ನನಗೂ ಅನಿಸುತ್ತದೆ.

## ಬೀದಿಯಲ್ಲಿ ರೈಲು

ಕೆಂಪು ರೈಲು ಸ್ಟೇಷನ್ ಬಿಟ್ಟ ಮೇಲಿನ ಮೊದಲ ಕೆಲವು ನಿಮಿಷ ನೋಡಬೇಕು. ಬೇಲಿ ಇಲ್ಲ. ಹಳಿ ಸೀದಾ ರಸ್ತೆಗೆ ಇಳಿಯುತ್ತದೆ. ಒಂದು ಪಕ್ಕದಲ್ಲಿ ಕಾರು, ಇನ್ನೊಂದು ಪಕ್ಕದಲ್ಲಿ ಮನೆ ಬಾಗಿಲು, ನಡುವೆ ಟ್ರಾಮಿನಂತೆ ನಿಧಾನಕ್ಕೆ ಹೋಗುವ ಪೂರ್ತಿ ರೈಲು. ಆಮೇಲೆ ಮದೊನ್ನಾ ದಿ ತಿರಾನೊ ಚರ್ಚಿನ ಎದುರಿನ ಚೌಕ. 1504ರಲ್ಲಿ ಇಲ್ಲಿ ಮಾತೆ ಮೇರಿ ಕಾಣಿಸಿಕೊಂಡಳು ಅನ್ನುವುದು ಇಲ್ಲಿನವರ ನಂಬಿಕೆ. ಮರುವರ್ಷವೇ ಚರ್ಚು ಕಟ್ಟಲು ತೊಡಗಿದರು. ಅದರ ಮುಂದೆ ಸಿಗ್ನಲ್ ಕೆಂಪಾಗುತ್ತದೆ, ಕಾರುಗಳು ನಿಲ್ಲುತ್ತವೆ, ರೈಲು ಚೌಕವನ್ನು ಓರೆಯಾಗಿ ದಾಟಿ ಹೋಗುತ್ತದೆ. ನಂತರ ಬೈಕು, ಸೈಕಲ್ಲು, ಕಾರು ಎಲ್ಲ ಮತ್ತೆ ಅದೇ ಹಳಿಯ ಮೇಲೆ. ಊರಿನವರು ತಲೆ ಎತ್ತಿಯೂ ನೋಡುವುದಿಲ್ಲ. ಸಮಯವಿದ್ದರೆ ಒಂದು ರೈಲು ಬಿಟ್ಟು ಮುಂದಿನದಕ್ಕೆ ಹೋಗಿ. ಸ್ಟೇಷನ್ನಿನಿಂದ ಆ ಚೌಕಕ್ಕೆ ನಡೆದೇ ಹೋಗಬಹುದು.

## ಸ್ಟೇಷನ್ನಿನಲ್ಲಿ ಇಳಿದ ಮೇಲೆ

ಎರಡೂ ಸ್ಟೇಷನ್ ಕಟ್ಟಡ ಒಂದೇ ಚೌಕದ ಅಂಚಿನಲ್ಲಿವೆ. ಒಂದರಿಂದ ಇನ್ನೊಂದಕ್ಕೆ ಒಂದೆರಡು ನಿಮಿಷದ ನಡಿಗೆ. ಬೊರ್ಮಿಯೊ ಕಡೆಯ ಬಸ್ಸುಗಳೂ ಪಕ್ಕದಲ್ಲೇ ಸಿಗುತ್ತವೆ. ಎರಡೂ ಮಾರ್ಗಕ್ಕೆ ಇದು ಕೊನೆಯ ನಿಲ್ದಾಣ. ಹಾಗಾಗಿ ನಿದ್ದೆ ಬಂದರೂ ಮುಂದಿನ ಊರಿಗೆ ಹೋಗಿಬಿಡುವ ಭಯವಿಲ್ಲ.

ಯಾರದು ಯಾವುದು ಅನ್ನುವುದು ಗೊತ್ತಿದ್ದರೆ ಅನುಕೂಲ. ಇಟಲಿಯ ಕಡೆ ಹಳಿ ಮತ್ತು ಸ್ಟೇಷನ್ ಆರ್.ಎಫ್.ಐ. ಎಂಬ ಸಂಸ್ಥೆಯದು, ಮಿಲಾನ್ ರೈಲು ಓಡಿಸುವುದು ಟ್ರೆನಾರ್ಡ್. ರಸ್ತೆ ಒಬ್ಬರದು, ಬಸ್ಸು ಇನ್ನೊಬ್ಬರದು ಅನ್ನುವ ಹಾಗೆ. ಕೆಂಪು ರೈಲಿನ ಕಡೆ ಹಳಿಯೂ ರೈಲೂ ರೇಷಿಯನ್ ರೈಲ್ವೆಯದೇ. ಅದಕ್ಕೇ ಮಿಲಾನ್ ಟಿಕೆಟ್ಟನ್ನು ಇಟಲಿಯ ಸ್ಟೇಷನ್ನಿನಲ್ಲಿ, ಸೇಂಟ್ ಮೋರಿಟ್ಸ್ ಟಿಕೆಟ್ಟನ್ನು ಕೆಂಪು ರೈಲಿನ ಸ್ಟೇಷನ್ನಿನಲ್ಲಿ ವಿಚಾರಿಸಿ. ರೈಲಿನ ಸಮಯವನ್ನೂ ಅಷ್ಟೇ, ಆಯಾ ಸ್ಟೇಷನ್ನಿನ ಬೋರ್ಡಿನಲ್ಲೇ ನೋಡಿ.

ಬೋರ್ಡಿನ ಮೇಲೆ ನಾಲ್ಕು ಪದ ಗೊತ್ತಿದ್ದರೆ ಸಾಕು. ಪಾರ್ತೆಂತ್ಸೆ ಅಂದರೆ ಹೊರಡುವ ರೈಲುಗಳು. ಬಿನಾರಿಯೊ ಅಂದರೆ ಎಷ್ಟನೇ ಪ್ಲಾಟ್‌ಫಾರ್ಮ್. ರಿತಾರ್ದೊ ಎದುರಿಗೆ ಇರುವ ಅಂಕಿ ರೈಲು ಎಷ್ಟು ನಿಮಿಷ ತಡ ಅನ್ನುವುದು. ಸೊಪ್ರೆಸ್ಸೊ ಕಂಡರೆ ಆ ರೈಲು ರದ್ದು. ಬೋರ್ಡಿನಲ್ಲಿ ದೊಡ್ಡದಾಗಿ ಕಾಣುವುದು ಕೊನೆಯ ಊರಿನ ಹೆಸರು. ಮಿಲಾನ್‌ನಲ್ಲಿ ರೈಲು ಹುಡುಕುವಾಗಲೂ ತಿರಾನೊ ಅಂತಲೇ ನೋಡಬೇಕು.

ರೈಲು ತಡವಾಗುವುದಕ್ಕೂ ಒಂದು ಸರಳ ಕಾರಣವಿದೆ. ಲೆಕ್ಕೊದಿಂದ ಈಚೆಗೆ ಬಹುಪಾಲು ಒಂಟಿ ಹಳಿ. ಎದುರಿನ ರೈಲು ಬಂದು ಕ್ರಾಸಿಂಗ್ ಆಗುವವರೆಗೆ ಸ್ಟೇಷನ್ನಿನಲ್ಲಿ ಕಾಯಬೇಕು. ಒಂದು ತಡವಾದರೆ ಎದುರಿನದೂ ತಡ. ಮಿಲಾನ್‌ನಿಂದ ಎರಡೂವರೆ ಗಂಟೆಯ ಪ್ರಯಾಣ. ಕೆಂಪು ರೈಲಿಗೆ ಸೀಟು ಕಾದಿರಿಸಿದ್ದರೆ ನಡುವೆ ಒಂದು ಗಂಟೆ ಇಟ್ಟುಕೊಳ್ಳಿ. ಮುಷ್ಕರಕ್ಕೆ ಇಟಾಲಿಯನ್‌ನಲ್ಲಿ ಶೋಪೆರೊ ಅನ್ನುತ್ತಾರೆ. ವಾರದ ದಿನಗಳಲ್ಲಿ ಮುಷ್ಕರವಿದ್ದರೂ ಬೆಳಿಗ್ಗೆ 6ರಿಂದ 9 ಮತ್ತು ಸಂಜೆ 6ರಿಂದ 9ರ ನಡುವೆ ಪ್ರಾದೇಶಿಕ ರೈಲುಗಳ ಕನಿಷ್ಠ ಸೇವೆ ಇರಬೇಕು ಅನ್ನುವುದು ಅಲ್ಲಿನ ನಿಯಮ.

ಕಾಗದದ ಟಿಕೆಟ್ ಕೊಂಡರೆ ಹತ್ತುವ ಮುಂಚೆ ಪ್ಲಾಟ್‌ಫಾರ್ಮಿನ ಹತ್ತಿರದ ಸಣ್ಣ ಯಂತ್ರಕ್ಕೆ ತೂರಿಸಿ ಮುದ್ರೆ ಹಾಕಿಸಿಕೊಳ್ಳಬೇಕು. ಪ್ರಾದೇಶಿಕ ರೈಲಿನ ಅಂಥ ಟಿಕೆಟ್ಟಿನಲ್ಲಿ ರೈಲಿನ ಸಮಯ ಇರುವುದಿಲ್ಲ. ಮುದ್ರೆ ಇಲ್ಲದಿದ್ದರೆ ಅದನ್ನು ಇನ್ನೊಮ್ಮೆಯೂ ಬಳಸಬಹುದು. ಅದಕ್ಕೇ ಹಣ ಕೊಟ್ಟು ಟಿಕೆಟ್ ಕೊಂಡಿದ್ದರೂ ಮುದ್ರೆ ಇಲ್ಲದಿದ್ದರೆ ದಂಡ ಬೀಳುತ್ತದೆ.

ಗಡಿಯ ವಿಷಯ. ಎರಡೂ ದೇಶ ಷೆಂಗೆನ್ ವ್ಯವಸ್ಥೆಯಲ್ಲಿವೆ. ಸ್ವಿಟ್ಜರ್ಲೆಂಡ್ ಸೇರಿದ್ದು 2008ರ ಡಿಸೆಂಬರಿನಲ್ಲಿ. ಒಂದೇ ಷೆಂಗೆನ್ ವೀಸಾ ಸಾಕು, ಪಾಸ್‌ಪೋರ್ಟಿಗೆ ಇಲ್ಲಿ ಮುದ್ರೆ ಬೀಳುವುದಿಲ್ಲ. ಆದರೆ ಸ್ವಿಟ್ಜರ್ಲೆಂಡ್ ಯುರೋಪಿಯನ್ ಒಕ್ಕೂಟದಲ್ಲಿ ಇಲ್ಲ. ಸರಕಿನ ಮೇಲಿನ ಸುಂಕ ಬೇರೆ, ಹಣವೂ ಬೇರೆ. ಸುಂಕದವರು ಬ್ಯಾಗು ತೆರೆಸಬಹುದು, ಪಾಸ್‌ಪೋರ್ಟ್ ಕೇಳಬಹುದು. ಅದನ್ನು ದೊಡ್ಡ ಸೂಟ್‌ಕೇಸಿನ ತಳದಲ್ಲಿ ಇಡಬೇಡಿ.

## ಎಕ್ಸ್‌ಪ್ರೆಸ್ಸೋ, ಸಾದಾ ರೈಲೋ

ಎರಡೂ ಓಡುವುದು ಅದೇ ಹಳಿ, ಅದೇ ಸೇತುವೆ, ಅದೇ ಬೆಟ್ಟದ ಮೇಲೆ. ಬರ್ನಿನಾ ಎಕ್ಸ್‌ಪ್ರೆಸ್‌ಗೆ ಟಿಕೆಟ್ಟಿನ ಮೇಲೆ ಸೀಟು ಕಾದಿರಿಸುವ ಶುಲ್ಕ ಬೇರೆ, ಕಾದಿರಿಸುವುದು ಕಡ್ಡಾಯ. ಗಾಜು ದೊಡ್ಡದು, ಆದರೆ ಕಿಟಕಿ ತೆರೆಯುವುದಿಲ್ಲ. ಸಾದಾ ರೈಲಿಗೆ ಕಾದಿರಿಸಬೇಕಿಲ್ಲ, ನಡುವೆ ಬೇಕಾದ ಊರಲ್ಲಿ ಇಳಿದು ಮುಂದಿನ ರೈಲು ಹಿಡಿಯಬಹುದು. ಹಳೆಯ ಬೋಗಿ ಸಿಕ್ಕರೆ ಕಿಟಕಿ ಇಳಿಸಿ ಬೆಟ್ಟದ ಗಾಳಿ ಕುಡಿಯಬಹುದು. ಮನೆಮಂದಿಯೆಲ್ಲ ಹೋಗುವಾಗ ನಾನಾದರೆ ಸಾದಾ ರೈಲನ್ನೇ ಆರಿಸುತ್ತೇನೆ. ಸ್ವಿಸ್ ಟ್ರಾವೆಲ್ ಪಾಸ್ ಇರುವವರಿಗೆ ಅದು ತಿರಾನೊವರೆಗೂ ನಡೆಯುತ್ತದೆ. ತಿರಾನೊದಿಂದ ಮಿಲಾನ್‌ಗೆ ಮಾತ್ರ ಬೇರೆ ಟಿಕೆಟ್ ತೆಗೆದುಕೊಳ್ಳಬೇಕು.

ಎರಡು ರೈಲಿನ ನಡುವೆ ಹಸಿವಾದರೆ ಈ ಕಣಿವೆಯದೇ ತಿಂಡಿ ಇದೆ, ಪಿತ್ಸೊಕ್ಕೆರಿ. ಬಕ್‌ವೀಟ್ ಹಿಟ್ಟಿನ ಕಂದು ಬಣ್ಣದ ಅಗಲ ಎಳೆಗಳು, ಜೊತೆಗೆ ಆಲೂಗಡ್ಡೆ, ಕೋಸು, ಕಾಯಿಸಿದ ಬೆಣ್ಣೆ, ಬೆಳ್ಳುಳ್ಳಿ, ರಾಶಿ ಚೀಸ್. ಮಾಂಸ ಹಾಕುವುದಿಲ್ಲ. ಹೊಟ್ಟೆ ಭರ್ತಿ ಆಗುತ್ತದೆ, ಇಬ್ಬರಿಗೆ ಒಂದು ತಟ್ಟೆ ಸಾಕಾಗಬಹುದು. ಡಿಸೆಂಬರ್, ಜನವರಿಯಲ್ಲಿ ಹೋಗುವವರು ಊಟಕ್ಕೆ ಜಾಸ್ತಿ ಹೊತ್ತು ಕೂರಬೇಡಿ. ಸುಮಾರು ಐದು ಗಂಟೆಗೇ ಹೊತ್ತು ಮುಳುಗುತ್ತದೆ. ತಿರಾನೊದಿಂದ ಸೇಂಟ್ ಮೋರಿಟ್ಸ್‌ಗೆ ಎರಡು ಗಂಟೆಗೂ ಜಾಸ್ತಿ ಬೇಕು. ಮಧ್ಯಾಹ್ನ ಒಂದರ ಒಳಗೆ ಕೆಂಪು ರೈಲು ಹತ್ತಿದರೆ 2253 ಮೀಟರಿನ ಮೇಲಿನ ಹಿಮವನ್ನು ಬೆಳಕಿನಲ್ಲೇ ನೋಡಬಹುದು.